ಗಟ್ಟಿ ನೆಲಕ್ಕೆ ಮಳೆನೀರಿನ ಶುಲ್ಕ: ಅಳತೆ, ಬಿಲ್, ರಿಯಾಯಿತಿ, ಹೂಳು

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ನಗರದ ಮಳೆನೀರಿನ ಖರ್ಚುವೆಚ್ಚವನ್ನೆಲ್ಲ ಈ ಒಂದು ಗುಣಾಕಾರದ ಮೇಲೆ ನಿಲ್ಲಿಸಬೇಕು, ಅಂದರೆ ನೀರು ಇಂಗದ ಗಟ್ಟಿ ನೆಲ (ಚಾವಣಿ, ಕಾಂಕ್ರೀಟ್, ಡಾಂಬರು) ಯಾರದು ಎಷ್ಟಿದೆಯೋ ಅದಕ್ಕೆ ತಕ್ಕಂತೆ ಶುಲ್ಕ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಹೆಕ್ಟೇರಿನ ಗೋದಾಮು ಇದೆ ಎಂದುಕೊಳ್ಳಿ. ಅರ್ಧ ತಗಡಿನ ಚಾವಣಿ, ಇನ್ನರ್ಧ ಲಾರಿ ನಿಲ್ಲುವ ಕಾಂಕ್ರೀಟ್ ಅಂಗಳ. 30 ಮಿ.ಮೀ. ಮಳೆ ಬಂದರೆ ಅದರ ಮೇಲೆ ಬೀಳುವುದು 3 ಲಕ್ಷ ಲೀಟರ್. ತೇವವಾಗಿ ಆವಿಯಾಗಿ ಕಳೆದದ್ದು ಬಿಟ್ಟರೆ ಸುಮಾರು 2.7 ಲಕ್ಷ ಲೀಟರ್ ಗೇಟಿನಾಚೆಯ ಚರಂಡಿಗೆ ಹೋಗುತ್ತದೆ. ಅದೇ ಗೋದಾಮಿನ ನೀರಿನ ಮೀಟರ್ ಓಡುವುದು ಕಾವಲುಗಾರನ ಒಂದು ನಲ್ಲಿಗೆ ಮಾತ್ರ. ಪಕ್ಕದಲ್ಲಿ ಅರುವತ್ತು ಮನೆಗಳ ಕಟ್ಟಡವೊಂದಿದ್ದು, ಅದರ ಚಾವಣಿ ಸಾವಿರ ಚದರ ಮೀಟರ್ ಇದ್ದರೆ, ಗೋದಾಮಿನ ಹತ್ತನೇ ಒಂದು ಪಾಲು ಮಳೆನೀರನ್ನಷ್ಟೇ ಅದು ಹೊರಬಿಡುತ್ತದೆ. ಆದರೆ ನೀರಿನ ಬಳಕೆ ಹತ್ತಾರು ಪಟ್ಟು ಹೆಚ್ಚು. ಚರಂಡಿಯ ಖರ್ಚನ್ನು ನೀರಿನ ಬಿಲ್ಲಿಗೆ ಸೇರಿಸಿ ವಸೂಲು ಮಾಡುವ ಊರಿನಲ್ಲಿ ಆ ಅರುವತ್ತು ಮನೆಯವರು ಗೋದಾಮಿನ ಮಳೆನೀರಿಗೂ ಹಣ ಕಟ್ಟುತ್ತಿರುತ್ತಾರೆ. ಆಸ್ತಿ ತೆರಿಗೆಯಿಂದ ಕೊಟ್ಟರೂ ನ್ಯಾಯ ಸಿಗುವುದಿಲ್ಲ. ಕಿರಿದಾದ ನಿವೇಶನದ ಎತ್ತರದ ಕಟ್ಟಡದ ಬೆಲೆ ಹೆಚ್ಚು, ವಿಶಾಲ ಪಾರ್ಕಿಂಗ್ ಜಾಗದ ಬೆಲೆ ಕಡಿಮೆ. ಮಳೆಗೆ ಬೆಲೆ ಗೊತ್ತಿಲ್ಲ, ವಿಸ್ತೀರ್ಣ ಮಾತ್ರ ಗೊತ್ತು.

ಒಟ್ಟು ಎಷ್ಟು ನೀರು ಎಂಬುದಕ್ಕಿಂತ ಎಷ್ಟು ಬೇಗ ಬರುತ್ತದೆ ಎಂಬುದು ಕೊಳವೆಗೆ ಮುಖ್ಯ. ಗಂಟೆಗೆ ಎಷ್ಟು ಮಿಲಿಮೀಟರ್ ಮಳೆ ಎಂಬುದನ್ನು ಹೆಕ್ಟೇರಿನಿಂದಲೂ ಹರಿವಿನ ಗುಣಾಂಕದಿಂದಲೂ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು) ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂಬ ಉತ್ತರ ಬರುತ್ತದೆ. ಗಂಟೆಗೆ 60 ಮಿ.ಮೀ. ತೀವ್ರತೆಯ ಮಳೆಗೆ, 0.9 ಗುಣಾಂಕದ ನಮ್ಮ ಗೋದಾಮು ಸೆಕೆಂಡಿಗೆ 150 ಲೀಟರ್ ಬಿಡುತ್ತದೆ. ಅಷ್ಟೇ ಜಾಗ ಹುಲ್ಲುಗಾವಲಾಗಿದ್ದು ಗುಣಾಂಕ 0.15 ಇದ್ದಿದ್ದರೆ 25 ಲೀಟರ್. ಇನ್ನೂರು ಮೀಟರಿಗೆ ಒಂದು ಮೀಟರ್ ಇಳಿಜಾರಿನಲ್ಲಿ ಹಾಕಿದ 400 ಮಿ.ಮೀ. ಕಾಂಕ್ರೀಟ್ ಕೊಳವೆ ಬಾಯಿತುಂಬ ಹರಿದಾಗ ಸಾಗಿಸುವುದು ಸುಮಾರು 147 ಲೀಟರ್. ಅಂದರೆ ಆ ಒಂದು ಆಸ್ತಿಯೇ ಬೀದಿಯ ಕೊಳವೆಯನ್ನು ಪೂರ್ತಿ ತುಂಬಿಸಿಬಿಡುತ್ತದೆ. ಬೀದಿಯ ಉಳಿದ ಮನೆಗಳ ನೀರಿಗೆ ಆಮೇಲೆ ರಸ್ತೆಯೇ ಗತಿ.

ಹಣದ ಮೂಲಗಳು ಬೆರಳೆಣಿಕೆಯವು. ಸಾಮಾನ್ಯ ತೆರಿಗೆ, ನೀರಿನ ಬಿಲ್, ಹೊಸ ಬಡಾವಣೆಯವರಿಂದ ಒಮ್ಮೆ ಪಡೆಯುವ ಅಭಿವೃದ್ಧಿ ಶುಲ್ಕ, ಸಾಲಪತ್ರ, ಸರ್ಕಾರದ ಅನುದಾನ. ಕಾಲುವೆ ಕಟ್ಟುವುದಕ್ಕೆ ಅನುದಾನವೋ ಸಾಲವೋ ಹೇಗೋ ಸಿಗುತ್ತದೆ. ಕಟ್ಟಿದ್ದರ ಹೂಳೆತ್ತುವುದಕ್ಕೆ ಯಾರೂ ಕೊಡುವುದಿಲ್ಲ. ಸಾಮಾನ್ಯ ತೆರಿಗೆಯ ಹಣವಾದರೆ ಮಳೆ ಕಡಿಮೆಯಾದ ವರ್ಷ ಅದು ಬೇರೆ ಕೆಲಸಕ್ಕೆ ಹೊರಟುಹೋಗುತ್ತದೆ, ಮರುವರ್ಷದ ಮೊದಲ ಜೋರು ಮಳೆಗೆ ಚರಂಡಿ ಹೂಳು ತುಂಬಿಕೊಂಡೇ ಇರುತ್ತದೆ. ಹಾಗಾಗಿ ಮಳೆನೀರಿಗೆಂದೇ ಪ್ರತ್ಯೇಕ ಶುಲ್ಕ, ಪ್ರತ್ಯೇಕ ಖಾತೆ, ಆ ಖಾತೆಯಿಂದ ಬೇರೆ ಖರ್ಚು ಮಾಡದಂತೆ ನಿಯಮ. ಅಮೆರಿಕದ ಬೌಲ್ಡರ್ ನಗರ 1973ರಲ್ಲಿ, ಬೆಲ್‌ವ್ಯೂ ನಗರ 1974ರಲ್ಲಿ ಈ ದಾರಿ ಹಿಡಿದವು. ಈಗ ಆ ದೇಶದಲ್ಲಿ ಇಂಥ ಶುಲ್ಕ ಪಡೆಯುವ ಸಂಸ್ಥೆಗಳು ಸುಮಾರು ಎರಡು ಸಾವಿರ. ಜರ್ಮನಿಯಲ್ಲಿ ಮನೆಯ ಕೊಳಚೆನೀರಿಗೂ ಮಳೆನೀರಿಗೂ ಬೇರೆ ಬೇರೆ ದರ ಹಾಕುತ್ತಾರೆ. ಬರ್ಲಿನ್ 2000ದಲ್ಲಿ ಹೀಗೆ ವಿಂಗಡಿಸಿತು. 2010ರ ಮಾರ್ಚ್‌ನಲ್ಲಿ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಉನ್ನತ ಆಡಳಿತ ನ್ಯಾಯಾಲಯ, ಕುಡಿಯುವ ನೀರಿನ ಬಳಕೆ ನೋಡಿ ಮಳೆನೀರಿಗೆ ಶುಲ್ಕ ಹಾಕುವುದು ಸಲ್ಲದು ಎಂದ ಮೇಲೆ ಅಲ್ಲಿನ ಪುರಸಭೆಗಳೆಲ್ಲ ವಿಂಗಡಣೆ ಮಾಡಲೇಬೇಕಾಯಿತು. ಅಮೆರಿಕದ ಫಿಲಡೆಲ್ಫಿಯಾ 2010ರವರೆಗೆ ನೀರಿನ ಮೀಟರಿನ ಗಾತ್ರ ನೋಡಿ ಮಳೆನೀರಿನ ಖರ್ಚು ಹಂಚುತ್ತಿತ್ತು. ಮೀಟರೇ ಇಲ್ಲದ ಪಾರ್ಕಿಂಗ್ ಜಾಗಗಳು ಏನೂ ಕಟ್ಟುತ್ತಿರಲಿಲ್ಲ. ಆಮೇಲೆ ಮನೆಗಳಲ್ಲದ ಆಸ್ತಿಗಳಿಗೆ ಗಟ್ಟಿ ನೆಲಕ್ಕೆ ಶೇ 80, ಒಟ್ಟು ನಿವೇಶನಕ್ಕೆ ಶೇ 20 ತೂಕ ಕೊಟ್ಟು, ನಾಲ್ಕು ವರ್ಷಗಳಲ್ಲಿ ಹಂತ ಹಂತವಾಗಿ ಬದಲಾಯಿಸಿದರು. ದೊಡ್ಡ ಅಂಗಳದವರ ಬಿಲ್ ಹಲವು ಪಟ್ಟು ಏರುವಾಗ ಒಂದೇ ಏಟಿಗೆ ಏರಿಸದೆ ಹೀಗೆ ಹಂಚುವುದು ಜಾಣತನ.

ಬಿಲ್ಲಿಗೆ ಒಂದು ಘಟಕ ಬೇಕು. ಊರಿನ ಒಂಟಿ ಮನೆಗಳ ಗಟ್ಟಿ ನೆಲ, ಅಂದರೆ ಚಾವಣಿ, ಕಾರು ನಿಲ್ಲುವ ಜಾಗ, ಕಾಂಕ್ರೀಟ್ ಹಾದಿ ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಮಾದರಿ ಮನೆಗಳಲ್ಲಿ ಅಳೆದು ಘಟಕ ನಿಗದಿ ಮಾಡುವುದು ರೂಢಿ. ಮಿನಿಯಾಪೊಲಿಸ್‌ನಲ್ಲಿ ಇದು 1,530 ಚದರ ಅಡಿ, ಕೆನಡಾದ ಮಿಸ್ಸಿಸಾಗಾದಲ್ಲಿ 267 ಚದರ ಮೀಟರ್. ಸರಾಸರಿಗಿಂತ, ಅಳತೆಗಳನ್ನು ಏರಿಕೆಯ ಸಾಲಿನಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಳತೆ ತೆಗೆದುಕೊಳ್ಳುವುದು ಮೇಲು, ಏಕೆಂದರೆ ನಾಲ್ಕಾರು ಭಾರಿ ಬಂಗಲೆಗಳು ಸರಾಸರಿಯನ್ನು ಎಳೆದು ಮೇಲೆತ್ತುತ್ತವೆ. ಘಟಕ 150 ಚ.ಮೀ. ಎಂದಿಟ್ಟುಕೊಂಡರೆ ನಮ್ಮ ಗೋದಾಮಿಗೆ 67 ಘಟಕ. ಮನೆಗಳಿಗೆ ಪ್ರತಿಯೊಂದಕ್ಕೂ ಒಂದೇ ಘಟಕ ಎಂದರೆ ಆಡಳಿತಕ್ಕೆ ಸಲೀಸು, ಆದರೆ ಪುಟ್ಟ ಮನೆಯವರಿಗೆ ಅನ್ಯಾಯ. ಮಿಸ್ಸಿಸಾಗಾದಂತೆ ಮನೆಗಳನ್ನು ಚಾವಣಿಯ ವಿಸ್ತೀರ್ಣದ ಮೇಲೆ ಹಂತಗಳಾಗಿ ವಿಂಗಡಿಸುವುದು ಒಳ್ಳೆಯ ನಡುದಾರಿ.

ವೈಮಾನಿಕ ಚಿತ್ರದಿಂದ ಅಳೆಯುವ ಕೆಲಸ ಹೊರಗಿನಿಂದ ಸುಲಭವಾಗಿ ಕಾಣುತ್ತದೆ. ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. ಮರದ ಕೊಂಬೆಗಳ ಕೆಳಗಿನ ಕಾಂಕ್ರೀಟ್ ಚಿತ್ರದಲ್ಲಿ ಕಾಣುವುದಿಲ್ಲ. ಎತ್ತರದ ಕಟ್ಟಡಗಳು ಓರೆಯಾಗಿ ಬಿದ್ದು ಪಕ್ಕದವರ ನಿವೇಶನದೊಳಕ್ಕೆ ಚಾಚುತ್ತವೆ, ಹಾಗಾಗಿ ನೇರ ಮೇಲಿನಿಂದ ನೋಡಿದಂತೆ ತಿದ್ದಿದ ಚಿತ್ರವೇ ಬೇಕು. ಕಟ್ಟಡದ ನೆರಳನ್ನು ಡಾಂಬರೆಂದು ಗುರುತಿಸುವ ತಪ್ಪು ತಂತ್ರಾಂಶಗಳಲ್ಲಿ ಪದೇ ಪದೇ ಬರುತ್ತದೆ. ಆಸ್ತಿ ನಕ್ಷೆಯ ಗೆರೆ ಚಿತ್ರಕ್ಕಿಂತ ಒಂದೆರಡು ಮೀಟರ್ ಸರಿದಿದ್ದರೆ ಇಡೀ ಬೀದಿಯ ಲೆಕ್ಕವೇ ಕೆಡುತ್ತದೆ. ಜಲ್ಲಿ ಹಾಸಿದ ಅಂಗಳದ ಬಗ್ಗೆ ಮೊದಲೇ ಲಿಖಿತ ನಿಯಮ ಇರಲಿ: ವಾಹನ ಓಡಾಡಿ ಒತ್ತಿಕೊಂಡ ಜಲ್ಲಿಯಲ್ಲಿ ನೀರು ಇಂಗುವುದು ತೀರ ಕಡಿಮೆ, ಅದನ್ನು ಗಟ್ಟಿ ನೆಲವೆಂದೇ ಎಣಿಸಬೇಕು. ಜರ್ಮನಿಯ ಹಲವು ಪುರಸಭೆಗಳು ಸಂದು ಬಿಟ್ಟು ಹಾಸಿದ ಕಲ್ಲಿಗೆ, ಹುಲ್ಲು ಬೆಳೆಯುವ ಜಾಲರಿ ಕಲ್ಲಿಗೆ, ಹಸಿರು ಚಾವಣಿಗೆ ಬೇರೆ ಬೇರೆ ಗುಣಾಂಕ ಕೊಡುತ್ತವೆ. ಅಲ್ಲಿನ ಇನ್ನೊಂದು ಪದ್ಧತಿ ನನಗೆ ತುಂಬ ಇಷ್ಟ. ಚಿತ್ರದಿಂದ ತೆಗೆದ ಅಳತೆಯನ್ನು ಮೊದಲು ಮಾಲೀಕರಿಗೆ ಕಳುಹಿಸುತ್ತಾರೆ, ಯಾವ ಚಾವಣಿಯ ನೀರು ಚರಂಡಿಗೆ, ಯಾವುದು ತೋಟಕ್ಕೆ ಎಂದು ಅವರೇ ಗುರುತು ಮಾಡಿ ಹಿಂದಿರುಗಿಸುತ್ತಾರೆ. ಆಮೇಲೆ ಬಿಲ್. ತಕರಾರು ಎಷ್ಟೋ ಪಾಲು ಬಿಲ್ಲಿಗೆ ಮೊದಲೇ ಮುಗಿದಿರುತ್ತದೆ.

ಅಳತೆ ಒಮ್ಮೆ ಮಾಡಿ ಬಿಡುವಂಥದ್ದೂ ಅಲ್ಲ. ಕಟ್ಟಡ ಪರವಾನಗಿ ಮತ್ತು ಪೂರ್ಣಗೊಂಡ ಪ್ರಮಾಣಪತ್ರ ಕೊಡುವ ವಿಭಾಗದಿಂದ ಮಾಹಿತಿ ನೇರವಾಗಿ ಶುಲ್ಕದ ಕಡತಕ್ಕೆ ಬರಬೇಕು. ಹಿತ್ತಲಿಗೆ ಕಾಂಕ್ರೀಟ್ ಹಾಕಲು ಯಾರೂ ಪರವಾನಗಿ ಕೇಳುವುದಿಲ್ಲ, ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಹೊಸ ಚಿತ್ರ ತೆಗೆದು ಹಳೆಯದರೊಂದಿಗೆ ಹೋಲಿಸಲೇಬೇಕು.

ದರ ನಿಗದಿಯಲ್ಲಿ ನಗರಗಳು ಎಡವುವುದು ಭಾಗಾಕಾರದಲ್ಲಿ. ವರ್ಷದ ಖರ್ಚನ್ನು ಒಟ್ಟು ಘಟಕಗಳಿಂದ ಭಾಗಿಸಿ ದರ ಘೋಷಿಸಿಬಿಡುತ್ತಾರೆ. ಒಂದು ಲಕ್ಷ ಘಟಕಗಳಿದ್ದು, ತಮ್ಮ ಜಾಗದಲ್ಲೇ ನೀರು ಹಿಡಿದಿಟ್ಟವರಿಗೆ ಕೊಡುವ ರಿಯಾಯಿತಿಯಲ್ಲಿ ಶೇ 6 ಕಳೆದು, ಉಳಿದದ್ದರಲ್ಲಿ ಶೇ 92 ಮಾತ್ರ ವಸೂಲಾದರೆ, ನಿಜವಾಗಿ ಹಣ ತರುವುದು 86,480 ಘಟಕ. ಲಕ್ಷದಿಂದ ಭಾಗಿಸಿದ ದರಕ್ಕೆ ಮೊದಲ ವರ್ಷವೇ ಶೇ 13.5 ಕೊರತೆ. ಆ ಕೊರತೆಗೆ ಬಲಿಯಾಗುವುದು ಪ್ರತಿ ಸಲವೂ ಹೂಳೆತ್ತುವ ಕೆಲಸವೇ, ಏಕೆಂದರೆ ಸಾಲದ ಕಂತು, ಸಂಬಳ ಎರಡನ್ನೂ ತಪ್ಪಿಸುವಂತಿಲ್ಲ. ಬಿಲ್ ಯಾವ ಕಾಗದದಲ್ಲಿ ಹೋಗುತ್ತದೆ ಎಂಬುದೂ ವಸೂಲಿಯನ್ನು ನಿರ್ಧರಿಸುತ್ತದೆ. ನೀರಿನ ಬಿಲ್ಲಿನ ಜೊತೆ ಕಳುಹಿಸುವುದಾದರೆ, ನೀರಿನ ಸಂಪರ್ಕವೇ ಇಲ್ಲದ ಪಾರ್ಕಿಂಗ್ ಜಾಗ, ಖಾಲಿ ಮಳಿಗೆ, ಸರಕು ಅಂಗಳಗಳಿಗೆ ಹೊಸದಾಗಿ ಮಳೆನೀರಿನ ಖಾತೆ ತೆರೆಯಬೇಕು. ಇದನ್ನು ಮರೆತರೆ ಅತಿ ಹೆಚ್ಚು ನೀರು ಬಿಡುವವರೇ ಪಟ್ಟಿಯಿಂದ ಹೊರಗುಳಿಯುತ್ತಾರೆ. ಇನ್ನು ಬಿಲ್ ಬಾಡಿಗೆದಾರರಿಗೆ ಬೇಡ, ಮಾಲೀಕರಿಗೇ ಹೋಗಲಿ. ಕಾಂಕ್ರೀಟ್ ಹಾಕುವ, ತೆಗೆಯುವ ಅಧಿಕಾರ ಇರುವುದು ಅವರಿಗೆ.

ಇದು ಶುಲ್ಕವೋ ತೆರಿಗೆಯೋ ಎಂಬ ಪ್ರಶ್ನೆ ಎಲ್ಲ ಕಡೆಯೂ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. 1998ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟು ಲ್ಯಾನ್ಸಿಂಗ್ ನಗರದ ಮಳೆನೀರಿನ ಶುಲ್ಕವನ್ನು ಜನರ ಮತ ಪಡೆಯದ ತೆರಿಗೆ ಎಂದು ರದ್ದು ಮಾಡಿತು. ಕಟ್ಟುವ ಹಣಕ್ಕೂ ಆ ಆಸ್ತಿಯಿಂದ ಬರುವ ನೀರಿಗೂ ನೇರ ಅನುಪಾತ ಇರಬೇಕು, ಮಾಲೀಕರು ತಮ್ಮ ಕ್ರಮದಿಂದ ಬಿಲ್ ತಗ್ಗಿಸಿಕೊಳ್ಳುವ ಅವಕಾಶವೂ ಇರಬೇಕು. ಈ ಎರಡರಲ್ಲಿ ಒಂದು ಸಡಿಲವಾದರೂ ಶುಲ್ಕ ನಿಲ್ಲುವುದು ಕಷ್ಟ. ವಿನಾಯಿತಿ ಕೇಳುವವರ ಸಾಲೂ ಉದ್ದ: ಪ್ರಾರ್ಥನಾ ಮಂದಿರ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿ. ಊರಿನ ಅತಿ ದೊಡ್ಡ ಚಾವಣಿಗಳು ಇವೇ. ಅಮೆರಿಕದ ಕೇಂದ್ರ ಸರ್ಕಾರದ ಕಚೇರಿಗಳು ಇದು ತೆರಿಗೆ, ನಮಗೆ ಅನ್ವಯಿಸದು ಎಂದು ವರ್ಷಗಟ್ಟಲೆ ಕಟ್ಟಲಿಲ್ಲ. 2011ರ ಆರಂಭದಲ್ಲಿ ಕಾನೂನು ತಿದ್ದಿ ಅವೂ ಕಟ್ಟಬೇಕೆಂದು ಸ್ಪಷ್ಟಪಡಿಸಲಾಯಿತು. ವಿನಾಯಿತಿ ಕೊಡಲೇಬಾರದು. ಬದಲಿಗೆ ಶಾಲೆಯ ಅಂಗಳದಲ್ಲಿ ಇಂಗುವ ವ್ಯವಸ್ಥೆ ಮಾಡಲು ಅದೇ ನಿಧಿಯಿಂದ ನೆರವು ಕೊಡಿ. ಬಿಲ್ಲೂ ಇಳಿಯುತ್ತದೆ, ನೀರೂ ಇಳಿಯುತ್ತದೆ.

ರಿಯಾಯಿತಿಗೆ ಮಿತಿ ಏಕೆ ಎಂದು ಮಾಲೀಕರು ಕೇಳುವುದು ಸಹಜ. ತನ್ನ ನಿವೇಶನದ ನೀರನ್ನೆಲ್ಲ ಒಬ್ಬರು ಹಿಡಿದಿಟ್ಟುಕೊಂಡರೂ ಅವರ ಮನೆಗೆ ಹೋಗುವ ರಸ್ತೆಯ ನೀರನ್ನು ನಗರವೇ ಸಾಗಿಸಬೇಕು. ಪೋರ್ಟ್‌ಲ್ಯಾಂಡ್ ನಗರ ಇದನ್ನು ಬಿಲ್ಲಿನಲ್ಲೇ ಬಿಡಿಸಿ ತೋರಿಸುತ್ತದೆ: ಶುಲ್ಕದ ಶೇ 35 ಆಸ್ತಿಯೊಳಗಿನ ನೀರಿನದು, ಶೇ 65 ರಸ್ತೆ ಮತ್ತು ಸಾರ್ವಜನಿಕ ವ್ಯವಸ್ಥೆಯದು. ಮೊದಲನೆಯದರಲ್ಲಿ ಪೂರ್ತಿ ರಿಯಾಯಿತಿ ಪಡೆಯಬಹುದು, ಎರಡನೆಯದರಲ್ಲಿ ಇಲ್ಲ. ಇಷ್ಟು ಸರಳವಾಗಿ ಹೇಳಿದರೆ ಜನ ಒಪ್ಪುತ್ತಾರೆ.

ಇನ್ನು ನೆಲದೊಳಗಿನ ಕೆಲಸ, ಅಂದರೆ ಚಾವಣಿಯ ನೀರನ್ನು ಮಣ್ಣಿಗೆ ಇಳಿಸುವ, ಜಲ್ಲಿ ತುಂಬಿದ ಇಂಗುಗುಂಡಿ. 200 ಚ.ಮೀ. ಚಾವಣಿಯಿಂದ ಮೊದಲ 25 ಮಿ.ಮೀ. ಮಳೆ ಹಿಡಿಯಬೇಕು ಎಂದರೆ, 0.9 ಗುಣಾಂಕದಲ್ಲಿ 4,500 ಲೀಟರ್. ತೊಳೆದ ಒಂದೇ ಗಾತ್ರದ ಜಲ್ಲಿಯಲ್ಲಿ ನೀರು ನಿಲ್ಲುವ ಸಂದು ಸುಮಾರು ಶೇ 40. ಹಾಗಾಗಿ ಗುಂಡಿ 11.25 ಘನ ಮೀಟರ್ ಇರಬೇಕು: 3 ಮೀಟರ್ ಉದ್ದ, 2.5 ಮೀಟರ್ ಅಗಲ, 1.5 ಮೀಟರ್ ಆಳ. ಪುಡಿ ಸೇರಿದ ಜಲ್ಲಿ ಹಾಕಿದರೆ ಸಂದು ಅರ್ಧವಾಗಿ ಗುಂಡಿಯ ಸಾಮರ್ಥ್ಯವೂ ಅರ್ಧವಾಗುತ್ತದೆ, ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಣ್ಣಿನ ಪರೀಕ್ಷೆ ಗುಂಡಿಯ ತಳ ಬರುವ ಆಳದಲ್ಲೇ ಆಗಬೇಕು, ಮೇಲ್ಮಣ್ಣಿನಲ್ಲಲ್ಲ. ಅಲ್ಲಿ 30 ಸೆಂ.ಮೀ. ಅಗಲದ ಕುಳಿ ತೋಡಿ, ಹಿಂದಿನ ರಾತ್ರಿಯೇ ನೀರು ತುಂಬಿ ನೆನೆಸಿ, ಬೆಳಗ್ಗೆ ಮತ್ತೆ ತುಂಬಿ ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತೆಂದು ಗುರುತು ಹಾಕಿ. ಇಳಿತ ಒಂದೇ ಸಮನಾದ ಮೇಲಿನ ಅಳತೆಯನ್ನು ತೆಗೆದುಕೊಂಡು, ಅದರಲ್ಲೂ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯಿರಿ. ಹಾಗೆ ಅರ್ಧ ಮಾಡಿದ ಮೇಲೆ ಗಂಟೆಗೆ 13 ಮಿ.ಮೀ. ಸಿಕ್ಕಿತೆನ್ನಿ. ತಳ 7.5 ಚ.ಮೀ., ಗಂಟೆಗೆ ಇಂಗುವುದು ಸುಮಾರು 97 ಲೀಟರ್, ತುಂಬಿದ ಗುಂಡಿ ಬರಿದಾಗಲು 46 ಗಂಟೆ. ಎರಡು ದಿನದೊಳಗೆ ಖಾಲಿಯಾದರೆ ಮುಂದಿನ ಮಳೆಗೆ ಜಾಗ ಇರುತ್ತದೆ, ಸೊಳ್ಳೆಯೂ ಮರಿ ಮಾಡುವುದಿಲ್ಲ. ಅದೇ ಜೇಡಿಮಣ್ಣಿನಲ್ಲಿ ಗಂಟೆಗೆ 2 ಮಿ.ಮೀ. ಬಂದರೆ 300 ಗಂಟೆ ಬೇಕು. ಅಂಥಲ್ಲಿ ಇಂಗುಗುಂಡಿಗೆ ರಿಯಾಯಿತಿ ಕೊಡುವುದು ಕಾಗದದ ಮೇಲಿನ ಆಟ.

ಕೆಡುವುದು ಬಹುತೇಕ ಕಟ್ಟುವಾಗಲೇ. ಅಗೆಯುವ ಯಂತ್ರವನ್ನು ಗುಂಡಿಯೊಳಗೆ ಇಳಿಸಿ ತಳವನ್ನು ಒತ್ತಿಬಿಡುತ್ತಾರೆ, ಅಲ್ಲಿಗೆ ಇಂಗುವುದು ನಿಂತಿತು. ಯಂತ್ರ ಹೊರಗೇ ನಿಂತು ಅಗೆಯಬೇಕು, ತಳವನ್ನು ಕೈಯಿಂದ ಕೆದರಬೇಕು. ಕಟ್ಟಡದ ಕೆಲಸ ಮುಗಿಯುವ ಮೊದಲೇ ಕೊಳವೆ ಜೋಡಿಸಿದರೆ ಸಿಮೆಂಟ್ ನೀರು, ಪ್ಲಾಸ್ಟರಿನ ಪುಡಿ ಒಳಹೋಗಿ ಮೊದಲ ಮಳೆಗೆ ಮುಂಚೆಯೇ ಗುಂಡಿ ಸತ್ತಿರುತ್ತದೆ. ಒಳಹರಿವಿಗೆ ಮುಂಚೆ ಹೂಳು ತೊಟ್ಟಿ, ಎಲೆ ತಡೆಯುವ ಜಾಲರಿ, ಗುಂಡಿ ತುಂಬಿದಾಗ ನೀರು ಹೊರಹೋಗುವ ದಾರಿ, ಒಳಗೆ ಎಷ್ಟು ನೀರಿದೆ ನೋಡಲು ತೂತು ಕೊರೆದ 100 ಮಿ.ಮೀ. ಲಂಬ ಕೊಳವೆ, ಇವು ನಾಲ್ಕೂ ಇಲ್ಲದ ಗುಂಡಿಗೆ ಅನುಮೋದನೆ ಬೇಡ. ಅಡಿಪಾಯದಿಂದ ಕನಿಷ್ಠ 3 ಮೀಟರ್ ದೂರ ಇರಲಿ, ಮಳೆಗಾಲದ ಅಂತರ್ಜಲ ಮಟ್ಟಕ್ಕಿಂತ ತಳ ಸುಮಾರು ಒಂದು ಮೀಟರ್ ಮೇಲಿರಲಿ.

ನೀರು ಇಂಗದ ಕಡೆ ತೊಟ್ಟಿಯಲ್ಲಿ ತಡೆದು ನಿಧಾನವಾಗಿ ಬಿಡಬೇಕು. 50 ಮಿ.ಮೀ. ತೂತಿನ ಮೇಲೆ 1.2 ಮೀಟರ್ ನೀರು ನಿಂತಾಗ ಹೊರಹೋಗುವುದು ಸೆಕೆಂಡಿಗೆ 5.7 ಲೀಟರ್ ಮಾತ್ರ. ತೂತು ಇದಕ್ಕಿಂತ ಸಣ್ಣದಾದರೆ ಒಂದು ಎಲೆ, ಒಂದು ಪ್ಲಾಸ್ಟಿಕ್ ಚೂರು ಸಾಕು ಮುಚ್ಚಲು, ಹಾಗಾಗಿ ಮುಂದೆ ಜಾಲರಿ ಬೇಕೇ ಬೇಕು. ನಿಧಾನವಾಗಿ ಬಿಡುವ ಈ ತೊಟ್ಟಿಯೂ ಮರುಬಳಕೆಯ ಮಳೆನೀರಿನ ಟ್ಯಾಂಕೂ ಒಂದೇ ಎಂದುಕೊಳ್ಳಬಾರದು. ಬಳಕೆಗೆ ಹಿಡಿದ ನೀರನ್ನು ಮನೆಯವರು ತುಂಬಿಸಿಯೇ ಇಟ್ಟಿರುತ್ತಾರೆ. ತುಂಬಿದ ಟ್ಯಾಂಕು ಮುಂದಿನ ಮಳೆಯ ಒಂದು ಲೀಟರನ್ನೂ ತಡೆಯುವುದಿಲ್ಲ. ಟ್ಯಾಂಕಿನ ಮೇಲಿನ ಭಾಗವನ್ನು ಸದಾ ಖಾಲಿ ಮಾಡುವ ಸಣ್ಣ ಹೊರದಾರಿ ಇದ್ದರೆ ಆ ಭಾಗಕ್ಕೆ ಮಾತ್ರ ರಿಯಾಯಿತಿ ಸಲ್ಲಬೇಕು.

ವಾಷಿಂಗ್ಟನ್ ಡಿ.ಸಿ. ನಗರ ನೀರು ಹಿಡಿದಿಡುವ ಕೆಲಸವನ್ನು ಮಾರುಕಟ್ಟೆಯನ್ನಾಗಿಯೇ ಮಾಡಿದೆ. ಅಲ್ಲಿ ದೊಡ್ಡ ಕಟ್ಟಡ ಕಟ್ಟುವವರು 1.2 ಇಂಚು, ಅಂದರೆ ಸುಮಾರು 30 ಮಿ.ಮೀ. ಮಳೆಯನ್ನು ಹಿಡಿದಿಡಬೇಕು. ಸಾಮಾನ್ಯವಾಗಿ ಅದರಲ್ಲಿ ಅರ್ಧ ತಮ್ಮ ಜಾಗದಲ್ಲೇ ಆಗಬೇಕು, ಉಳಿದದ್ದಕ್ಕೆ ನಗರದ ಬೇರೆಡೆ ಸ್ವಯಂಪ್ರೇರಿತವಾಗಿ ನೀರು ಹಿಡಿದವರಿಂದ ಪ್ರಮಾಣಪತ್ರ ಕೊಳ್ಳಬಹುದು. ಒಂದು ಪ್ರಮಾಣಪತ್ರಕ್ಕೆ ಒಂದು ಗ್ಯಾಲನ್, ಒಂದು ವರ್ಷ. ಒಮ್ಮೆಗೆ ಹೆಚ್ಚೆಂದರೆ ಮೂರು ವರ್ಷದ್ದನ್ನು ಕೊಡುತ್ತಾರೆ, ಮತ್ತೆ ಬೇಕಾದರೆ ತಪಾಸಣೆ ಆಗಬೇಕು. ಈ ಅವಧಿ ಮಿತಿಯೇ ಎಲ್ಲ ರಿಯಾಯಿತಿ ಯೋಜನೆಗಳಿಗೂ ಬೇಕಾದದ್ದು. ಒಮ್ಮೆ ಕೊಟ್ಟು ಶಾಶ್ವತವಾಗಿ ಬಿಟ್ಟ ರಿಯಾಯಿತಿಗಳು ಹೂಳು ತುಂಬಿದ ಗುಂಡಿಗಳಿಗೂ ಸಲ್ಲುತ್ತಲೇ ಇರುತ್ತವೆ. ಆಸ್ತಿ ಕೈಬದಲಾದಾಗ ನಿರ್ವಹಣೆಯ ಕರಾರು ಹೊಸ ಮಾಲೀಕರಿಗೂ ಅಂಟುವಂತೆ ಕ್ರಯಪತ್ರದ ದಾಖಲೆಯಲ್ಲೇ ಸೇರಿಸಬೇಕು, ಇಲ್ಲವಾದರೆ ಹೊಸಬರು ಗುಂಡಿಯ ಮೇಲೆ ಟೈಲ್ಸ್ ಹಾಕಿಬಿಡುತ್ತಾರೆ.

ನಗರದ ಕಡೆಯ ಕೆಲಸದಲ್ಲಿ ಹೂಳಿನಷ್ಟು ತಾತ್ಸಾರಕ್ಕೆ ಒಳಗಾದದ್ದು ಇನ್ನೊಂದಿಲ್ಲ. ಮೇಲೆ ಹೇಳಿದ 400 ಮಿ.ಮೀ. ಕೊಳವೆಯಲ್ಲಿ ಮೂರನೇ ಒಂದರಷ್ಟು ಎತ್ತರಕ್ಕೆ ಹೂಳು ಕೂತರೆ 147 ಲೀಟರ್ ಸಾಮರ್ಥ್ಯ ಸುಮಾರು 88ಕ್ಕೆ ಇಳಿಯುತ್ತದೆ, ಶೇ 40 ನಷ್ಟ. ಹೊಸ ಸಮಾಂತರ ಕೊಳವೆ ಹಾಕುವ ಯೋಜನೆ ಬರೆಯುವ ಮೊದಲು ಇರುವುದನ್ನು ಕ್ಯಾಮೆರಾ ಇಳಿಸಿ ನೋಡಿ. ರಸ್ತೆಬದಿಯ ಮಳೆನೀರಿನ ತೊಟ್ಟಿಗಳಲ್ಲಿ ಹೂಳು ನಿಲ್ಲುವ ಆಳದ ಅರ್ಧ ತುಂಬಿದ ಕೂಡಲೇ ತೆಗೆಯಬೇಕು. ಅದಕ್ಕಿಂತ ಮೇಲೆ ಬಿಟ್ಟರೆ ಮುಂದಿನ ಜೋರು ಹರಿವು ಕೂತದ್ದನ್ನೇ ಎಬ್ಬಿಸಿ ಕೊಳವೆಗೆ ತಳ್ಳುತ್ತದೆ. ಎತ್ತಿದ ಹೂಳನ್ನು ಚರಂಡಿಯ ದಂಡೆಯಲ್ಲೇ ರಾಶಿ ಹಾಕಿ ಹೋಗುವ ಗುತ್ತಿಗೆಗೆ ಹಣ ಕೊಡಬಾರದು. ತೂಕದ ಚೀಟಿ, ಸಾಗಿಸಿದ ಜಾಗ, ಶುಚಿ ಮಾಡಿದ ಮೊದಲೂ ಆಮೇಲೂ ತೆಗೆದ ಚಿತ್ರ, ಇವು ಬಿಲ್ಲಿನ ಜೊತೆ ಇರಬೇಕು.

ಮಳೆ ನಿಂತು ಮೂರು ದಿನವಾದರೂ ಮಳೆನೀರಿನ ಕೊಳವೆಯಲ್ಲಿ ನೀರು ಹರಿಯುತ್ತಿದ್ದರೆ ಅದು ಅಂತರ್ಜಲವೋ, ಸೋರುವ ನೀರಿನ ಪೈಪೋ, ಕದ್ದು ಜೋಡಿಸಿದ ಒಳಚರಂಡಿಯೋ ಆಗಿರಬೇಕು. ಅಮೋನಿಯ ಮತ್ತು ಮಾರ್ಜಕದ ಅಂಶ ಪರೀಕ್ಷಿಸಿದರೆ ಕೊಳಚೆ ತಿಳಿಯುತ್ತದೆ. ಮೇಲ್ಭಾಗದ ಮ್ಯಾನ್‌ಹೋಲ್‌ಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಹೋಗಿ, ಅನುಮಾನ ಬಂದ ಮನೆಯ ಶೌಚಾಲಯದಲ್ಲಿ ಬಣ್ಣ ಸುರಿದರೆ ಜೋಡಣೆ ಎಲ್ಲಿದೆ ಎಂಬುದು ಪತ್ತೆಯಾಗುತ್ತದೆ.

ಎಷ್ಟೇ ಚೆನ್ನಾಗಿ ನಡೆಸಿದರೂ ಕೊಳವೆಗೆ ಮಿತಿ ಇದೆ. ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಎರಡು ಗಂಟೆಯಲ್ಲಿ ಸುಮಾರು 150 ಮಿ.ಮೀ. ಮಳೆ ಬಿತ್ತು. ಮರುವರ್ಷ ಆ ನಗರ ಮೇಘಸ್ಫೋಟದ ಯೋಜನೆ ರೂಪಿಸಿ, ಉದ್ಯಾನಗಳನ್ನು ತಗ್ಗಿಸಿ, ಕೆಲವು ರಸ್ತೆಗಳನ್ನೇ ನೀರು ಹರಿಯುವ ಆಕಾರಕ್ಕೆ ತಂದು, ಖರ್ಚಿನ ದೊಡ್ಡ ಪಾಲನ್ನು ನೀರಿನ ದರದಿಂದ ಭರಿಸಲು ಹೊರಟಿತು. ಭಾರಿ ಮಳೆಯ ನೀರು ಯಾವ ರಸ್ತೆಯಲ್ಲಿ ಹರಿಯಬೇಕೆಂದು ಮೊದಲೇ ನಿರ್ಧರಿಸಿ ಆ ರಸ್ತೆಯ ಮಟ್ಟವನ್ನು ಕಾಪಾಡುವುದೂ ಶುಲ್ಕದ ಹಣದಲ್ಲಿ ಆಗಬೇಕಾದ ಕೆಲಸವೇ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯ ಪದರ ಕೆರೆಯದೆ ಮೇಲೆ ಮೇಲೆ ಹಾಕಿದರೆ ರಸ್ತೆ ಏರುತ್ತದೆ, ಬಾಗಿಲುಗಳು ತಗ್ಗಿಗೆ ಬೀಳುತ್ತವೆ.

ಹೊಸದಾಗಿ ಶುಲ್ಕ ತರುವ ನಗರಕ್ಕೆ ನಾನು ಹೇಳುವ ಕ್ರಮ ಇಷ್ಟು. ಮೊದಲು ಕೊಳವೆಗಳ ನಕ್ಷೆ ಮತ್ತು ಖರ್ಚಿನ ಪಟ್ಟಿ, ಆಮೇಲೆ ಅಳತೆ, ಆಮೇಲೆ ದರ. ನಿಜವಾದ ಬಿಲ್ಲಿಗೆ ಕನಿಷ್ಠ ಆರು ತಿಂಗಳ ಮೊದಲು ಪ್ರತಿ ಮಾಲೀಕರಿಗೂ ಹಣ ಕಟ್ಟಬೇಕಿಲ್ಲದ ಮಾದರಿ ಬಿಲ್ ಕಳುಹಿಸಿ. ಅದರಲ್ಲಿ ಅವರ ಆಸ್ತಿಯ ಚಿತ್ರ, ಬಣ್ಣ ಹಚ್ಚಿದ ಗಟ್ಟಿ ನೆಲ, ಘಟಕಗಳ ಲೆಕ್ಕ, ತಕರಾರಿನ ಅರ್ಜಿ, ಉತ್ತರ ಕೊಡುವ ಗಡುವು ಇರಲಿ. ಅತಿ ದೊಡ್ಡ ನೂರು ಆಸ್ತಿಗಳಿಗೆ ಕಾಗದ ಕಳುಹಿಸಿ ಕೂರುವುದು ಸಾಲದು, ಇಂಜಿನಿಯರೊಬ್ಬರು ಅಳತೆ ಟೇಪಿನೊಂದಿಗೆ ಅಲ್ಲಿಗೇ ಹೋಗಿ ಮಾಲೀಕರ ಜೊತೆ ಜಾಗ ಸುತ್ತಿ, ಯಾವ ಚಾವಣಿಯ ನೀರನ್ನು ಎಲ್ಲಿ ಇಂಗಿಸಿದರೆ ಎಷ್ಟು ಘಟಕ ಕಳೆಯುತ್ತದೆ ಎಂಬುದನ್ನು ಅಲ್ಲೇ ಬರೆದುಕೊಡಬೇಕು.